ಒದ್ದೆ ಮೈಲಿ

ಗ್ವೆಂಡಾ ಪಾರ್ಫಿಟ್ ಬಸ್ಸು ಓಡಿಸುವಾಗ ಓದುವ ಕೆಲಸವನ್ನೆಲ್ಲ ಮೊಮ್ಮಗಳಿಗೆ ಬಿಟ್ಟುಬಿಡುತ್ತಿದ್ದಳು. ಎರಡೂ ಕೈ ಸ್ಟಿಯರಿಂಗ್ ಮೇಲಿದ್ದರೆ ಯಾರೂ ಏನೂ ಕೇಳುವುದಿಲ್ಲ. ಟ್ಯಾಮ್ಸಿನ್‌ಗೆ ಹನ್ನೆರಡು ವರ್ಷ. ಅವಳ ಅಮ್ಮ ಸ್ಟ್ಯಾಂಟ್ರಿ ಪಟ್ಟಣದ ಆಸ್ಪತ್ರೆಯಲ್ಲಿ ನರ್ಸು, ಬೆಳಗ್ಗೆ ಐದೂವರೆಗೇ ಮನೆ ಬಿಡುತ್ತಾಳೆ. ಹಾಗಾಗಿ ಶಾಲೆಯ ಗಂಟೆ ಹೊಡೆಯುವವರೆಗೆ ಹುಡುಗಿ ಅಜ್ಜಿಯ ಅರವತ್ತೆರಡನೇ ನಂಬರಿನ ಬಸ್ಸಲ್ಲಿ ಕೂತು, ಹೇಲ್‌ಪಿಲ್‌ನಿಂದ ವಿಕ್‌ಮೂರ್‌ಗೆ, ವಿಕ್‌ಮೂರ್‌ನಿಂದ ಹೇಲ್‌ಪಿಲ್‌ಗೆ ಒಂದು ಸುತ್ತು ಹಾಕಿ ಇಳಿಯುತ್ತಿದ್ದಳು.

ಆ ಗುರುವಾರ ಅವಳ ಕೈಯಲ್ಲಿ ಕೌಂಟಿ ಕೌನ್ಸಿಲ್ಲಿನ ಹೊಸ ಪುಸ್ತಿಕೆ ಇತ್ತು. ಹೊಳೆಯುವ ಕಾಗದ, ಮುಖಪುಟದಲ್ಲಿ ಬಿಳಿ ಕೋಟು ಹಾಕಿಕೊಂಡು ನಗುತ್ತಿರುವ ಮಕ್ಕಳು. ಹೇಲ್‌ಪಿಲ್ ಹೈಸ್ಕೂಲು, ವಿಕ್‌ಮೂರ್ ಹೈಸ್ಕೂಲು ಎರಡನ್ನೂ ಮುಚ್ಚಿ ಸ್ಟ್ಯಾಂಟ್ರಿಯಲ್ಲಿ ಒಂದು ದೊಡ್ಡ ಅಕಾಡೆಮಿ ಕಟ್ಟುತ್ತೇವೆ, ನಿಮ್ಮ ಅಭಿಪ್ರಾಯ ಬರೆದು ಕಳಿಸಿ ಎಂದು ಅದರಲ್ಲಿತ್ತು. ಆರು ವಾರದಿಂದ ಮನೆಮನೆಯಲ್ಲೂ ಅದೇ ಮಾತು.

"ಹದಿನಾಲ್ಕನೇ ಪುಟ ಓದ್ಲಾ ಅಜ್ಜಿ? ಪ್ರಯಾಣದ ವಿಷಯ."

"ಓದು."

"ಎರಡೂ ಊರಿನ ವಿದ್ಯಾರ್ಥಿಗಳು ಬಿ ನಲವತ್ತು ಎಪ್ಪತ್ತೊಂದು ರಸ್ತೆಯ ಮೂಲಕ ಇಪ್ಪತ್ತೈದು ನಿಮಿಷದಲ್ಲಿ ಅಕಾಡೆಮಿ ತಲುಪುತ್ತಾರೆ. ಬಸ್ಸು ಬೆಳಗ್ಗೆ ಏಳು ನಲವತ್ತಕ್ಕೆ."

ಬಸ್ಸು ಗಕ್ಕನೆ ನಿಂತಿತು. ಹಿಂದಿನ ಸೀಟಿನಲ್ಲಿದ್ದ ಹೆಡ್ಲಿಯ ಟೋಪಿ ಕಣ್ಣಿನ ಮೇಲೆ ಜಾರಿತು. ಹೆಡ್ಲಿ ಎಪ್ಪತ್ತು ದಾಟಿದವನು, ಜೀವನವೆಲ್ಲ ಸೆವರ್ನ್ ನದಿಯಲ್ಲಿ ಸಾಲ್ಮನ್ ಹಿಡಿದವನು.

"ಏನಾಯ್ತೇ ಗ್ವೆಂಡಾ, ಬಾತುಕೋಳಿ ಅಡ್ಡ ಬಂತಾ?"

"ಬಿ ನಲವತ್ತು ಎಪ್ಪತ್ತೊಂದು ಅಂದ್ರೆ ಯಾವುದು ಗೊತ್ತಾ ನಿಂಗೆ?"

"ನಂಗೇನ್ ಗೊತ್ತು. ಲಂಡನ್ನಿಗೆ ಹೋಗೋದಾ?"

"ಒದ್ದೆ ಮೈಲಿ ಕಣೋ."

ಹೆಡ್ಲಿ ಟೋಪಿ ಸರಿಮಾಡಿಕೊಂಡ. ನದಿ ಈ ಎರಡೂ ಊರನ್ನು ಮೂರು ಕಡೆಯಿಂದ ಬಳಸಿಕೊಂಡು ಹರಿಯುತ್ತದೆ. ಹೊರಗೆ ಹೋಗುವುದಕ್ಕೆ ಇರುವುದು ಚೌಗಿನ ಮಧ್ಯೆ ಹಾದ ಒಂದೇ ರಸ್ತೆ. ಹದಿನೈದು ದಿನಕ್ಕೊಮ್ಮೆ, ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸು, ದೊಡ್ಡ ಉಬ್ಬರ ಬಂದಾಗ ಆ ರಸ್ತೆಯ ಒಂದು ಮೈಲಿ ನೀರಿನಡಿ ಹೋಗುತ್ತದೆ. ಈ ನದಿಯಲ್ಲಿ ದೊಡ್ಡ ಉಬ್ಬರ ಬರುವುದೇ ಬೆಳಗಿನ ತಿಂಡಿಯ ಹೊತ್ತಿಗೆ ಮತ್ತು ರಾತ್ರಿ ಊಟದ ಹೊತ್ತಿಗೆ. ಪ್ರತಿ ಅಡುಗೆಮನೆಯಲ್ಲೂ ಉಬ್ಬರದ ಪಟ್ಟಿ ತೂಗುಹಾಕಿರುತ್ತಾರೆ. ಪಟ್ಟಣಕ್ಕೆ ಕೆಲಸಕ್ಕೆ ಹೋಗುವವರು ಆರರೊಳಗೆ ದಾಟಿಬಿಡುತ್ತಾರೆ. ಗ್ವೆಂಡಾಳ ಬಸ್ಸು ಸ್ಟ್ಯಾಂಟ್ರಿಗೆ ಹೊರಡುವುದೇ ಹತ್ತೂವರೆಗೆ. ಯಾಕೆ ಹತ್ತೂವರೆ ಎಂದು ಇಲ್ಲಿ ಯಾರೂ ಕೇಳುವುದಿಲ್ಲ. ರಸ್ತೆಗೆ ನಂಬರ್ ಇದೆ ಎನ್ನುವುದು ಗ್ವೆಂಡಾಳಿಗೆ ಗೊತ್ತಿದ್ದದ್ದೂ ಬಸ್ಸಿನ ಪರ್ಮಿಟ್ಟಿನಲ್ಲಿ ಅದು ಅಚ್ಚಾಗಿದ್ದರಿಂದ. ಅಕ್ಷರಗಳು ಅವಳಿಗೆ ಕೈಕೊಟ್ಟರೂ ಅಂಕಿಗಳು ಎಂದೂ ಕೈಕೊಟ್ಟಿರಲಿಲ್ಲ.

"ಹೆಡ್ಲಿ, ನೀನು ಅಭಿಪ್ರಾಯ ಬರೆದು ಕಳಿಸಿದ್ಯಲ್ಲ, ಏನ್ ಬರೆದೆ?"

"ನನ್ನ ಮೊಮ್ಮಗನ್ನ ವಿಕ್‌ಮೂರ್ ಹುಡುಗರ ಪಕ್ಕ ಕೂರಿಸೋ ಬದಲು ಮೀನಿನ ಬುಟ್ಟೀಲಿ ಕೂರಿಸ್ತೀನಿ ಅಂತ."

"ನೀರಿನ ವಿಷಯ ಬರೀಲಿಲ್ವಾ?"

"ಅದನ್ಯಾಕೆ ಬರೀಬೇಕು? ಅದು ಎಲ್ರಿಗೂ ಗೊತ್ತಿರೋದಲ್ವಾ."

ಗ್ವೆಂಡಾ ಗೇರ್ ಹಾಕಿದಳು. ಹೇಲ್‌ಪಿಲ್‌ನವರೆಲ್ಲ ವಿಕ್‌ಮೂರನ್ನು ಬೈದು ಬರೆದಿದ್ದಾರೆ, ವಿಕ್‌ಮೂರಿನವರೆಲ್ಲ ಹೇಲ್‌ಪಿಲ್ಲನ್ನು ಬೈದು ಬರೆದಿದ್ದಾರೆ. ನದಿಯ ಸುದ್ದಿ ಎಲ್ಲರಿಗೂ ಗೊತ್ತು ಎಂದು ಹೆಚ್ಚಿನವರು ಬಿಟ್ಟಿರಬೇಕು. ಅವಳು ಕನ್ನಡಿಯಲ್ಲಿ ಟ್ಯಾಮ್ಸಿನ್‌ಳನ್ನು ನೋಡಿದಳು. ಹುಡುಗಿ ಪುಸ್ತಿಕೆ ಮಡಿಚಿ ತನ್ನ ಕಥೆಪುಸ್ತಕ ತೆಗೆದು, ತುಟಿ ಅಲ್ಲಾಡಿಸದೆ, ಸರಸರನೆ ಓದುತ್ತಿದ್ದಳು.

ಶನಿವಾರ ಹನ್ನೊಂದು ಗಂಟೆಗೆ ಹೇಲ್‌ಪಿಲ್ ಶಾಲೆಯ ಸಭಾಂಗಣದಲ್ಲಿ ಕೊನೆಯ ಸಾರ್ವಜನಿಕ ಸಭೆ. ಅವತ್ತು ಸಣ್ಣ ಉಬ್ಬರ, ರಸ್ತೆ ಒಣಗಿತ್ತು. ಎರಡೂ ಊರಿನವರು ಮದುವೆಮನೆಯ ಎರಡು ಕಡೆಯವರ ಹಾಗೆ ಆ ಕಡೆ ಈ ಕಡೆ ಹಂಚಿಕೊಂಡು ಕೂತಿದ್ದರು. ವೇದಿಕೆಯ ಮೇಲೆ ಇಬ್ಬರು. ಒಬ್ಬರು ಅಕಾಡೆಮಿ ಸಂಸ್ಥೆಯ ಮುಖ್ಯಸ್ಥ ಏಡ್ರಿಯನ್ ಫೆಲೋಸ್. ಇನ್ನೊಬ್ಬರು ಕೌನ್ಸಿಲ್ಲಿನ ಶಿಕ್ಷಣಾಧಿಕಾರಿ ಹ್ಯಾರಿಯೆಟ್ ಓಕ್ಸ್.

ಫೆಲೋಸ್ ಕೆಟ್ಟ ಮನುಷ್ಯರಾಗಿದ್ದರೆ ಗ್ವೆಂಡಾಳಿಗೆ ಸುಲಭವಾಗುತ್ತಿತ್ತು. ಅವರು ಹಾಗಿರಲಿಲ್ಲ.

"ನಾನೂ ಇಂಥದೇ ಊರಿಂದ ಬಂದೋನು," ಎಂದರು. "ನಮ್ಮ ಶಾಲೇಲಿ ಕೆಮಿಸ್ಟ್ರಿ ಅಂದ್ರೆ ಒಂದು ಬೀರು. ಅದರ ಬೀಗದ ಕೈ ಕಳೆದುಹೋಗಿತ್ತು. ಐದು ವರ್ಷ ಆ ಬೀರೂನ ಹೊರಗಿಂದ ನೋಡ್ಕೊಂಡೇ ಕೆಮಿಸ್ಟ್ರಿ ಕಲಿತೆ. ನಿಮ್ಮ ಎರಡೂ ಶಾಲೇಲಿ ಎರಡು ವರ್ಷದಿಂದ ಫಿಸಿಕ್ಸ್ ಟೀಚರ್ ಇಲ್ಲ. ಆಟದ ಮೇಷ್ಟ್ರು ಫಿಸಿಕ್ಸ್ ಮಾಡ್ತಿದಾರೆ. ಮಾಳಿಗೆ ಸೋರುತ್ತೆ, ಬರ್ತಾ ದಾರೀಲಿ ಮೂರು ಬಕೆಟ್ ದಾಟಿ ಬಂದೆ. ನಿಮ್ಮ ಮಕ್ಕಳಿಗೆ ಇಷ್ಟೇ ಸಾಕಾ?"

ಬಕೆಟ್ಟುಗಳು ಸುಳ್ಳಾಗಿರಲಿಲ್ಲ.

ವಿಕ್‌ಮೂರಿನ ಕಟುಕ ಡೆಂಜಿಲ್ ಕಾಡ್ಲ್ ಎದ್ದ. "ನಿಮ್ಮ ಅಕಾಡೆಮಿ ವಿಕ್‌ಮೂರಲ್ಲೇ ಕಟ್ಟಿ ಸ್ವಾಮಿ, ನಮ್ಮದೇನೂ ತಕರಾರಿಲ್ಲ. ಹೇಲ್‌ಪಿಲ್ಲಿನೋರು ಬೇಕಿದ್ರೆ ನಡ್ಕೊಂಡು ಬರ್ಲಿ. ಬರೋ ದಾರೀಲಿ ಸ್ನಾನ ಮಾಡ್ಕೊಂಡ್ ಬರ್ಲಿ."

"ನಿನ್ನ ಅಂಗಡಿ ಸಾಸೇಜ್ ತಿಂದು ಬದುಕಿರೋರು ಏನ್ ಬೇಕಾದ್ರೂ ತಡ್ಕೋತಾರೆ ಡೆಂಜಿಲ್," ಎಂದ ಹೆಡ್ಲಿ ಈ ಕಡೆಯಿಂದ.

ಅಲ್ಲಿಂದ ಶುರುವಾಯಿತು. ಮೂವತ್ತು ವರ್ಷದ ಹಿಂದಿನ ರಗ್ಬಿ ಪಂದ್ಯ, ಯಾರೋ ಯಾರದೋ ದೋಣಿಯ ಹಗ್ಗ ಬಿಚ್ಚಿದ್ದು, ಎಲ್ಲವೂ ಹೊರಗೆ ಬಂತು. ಫೆಲೋಸ್ ಗಡಿಯಾರ ನೋಡಿಕೊಂಡರು. ಓಕ್ಸ್ ಬರೆದುಕೊಳ್ಳುವುದನ್ನು ನಿಲ್ಲಿಸಿದರು. ಗ್ವೆಂಡಾ ಕೊನೆಯ ಸಾಲಿನಲ್ಲಿ ಕೂತು ಯಾರಾದರೂ ಹೇಳುತ್ತಾರೆ ಎಂದು ಕಾದಳು. ಇನ್ನು ಐದು ನಿಮಿಷ, ಯಾರಾದರೂ ಹೇಳುತ್ತಾರೆ. ಯಾರೂ ಹೇಳಲಿಲ್ಲ. ಐವತ್ತೆಂಟು ವರ್ಷದಲ್ಲಿ ಅವಳು ಒಂದು ಸಭೆಯಲ್ಲೂ ಬಾಯಿ ತೆರೆದವಳಲ್ಲ. ಕಾಲು ತಾನಾಗಿ ಎದ್ದಿತು ಎನ್ನಬೇಕು.

"ಮೇಡಂ, ಏಳು ನಲವತ್ತರ ಬಸ್ಸು ಒದ್ದೆ ಮೈಲಿ ಹೆಂಗ್ ದಾಟುತ್ತೆ?"

ಓಕ್ಸ್ ತಲೆ ಎತ್ತಿದರು. ಮುಖದ ಮೇಲೆ ಏನೋ ಹೊಳೆದ ಹಾಗಾಯಿತು. ಕಡತ ತಿರುವಿದರು. "ಒದ್ದೆ ಮೈಲಿ... ಮುನ್ನೂರ ನಲವತ್ತು ಅಭಿಪ್ರಾಯ ಬಂದಿವೆ. ಅದರಲ್ಲಿ ಹನ್ನೊಂದು ಜನ 'ಒದ್ದೆ ಮೈಲಿ ಕಥೆ ಏನು' ಅಂತ ಬರೆದಿದಾರೆ. ನಮ್ಮ ಭೂಪಟದಲ್ಲಿ ಆ ಹೆಸರೇ ಇಲ್ಲ. ಗುರುತಿಸಲಾಗದ ಸ್ಥಳ ಅಂತ ಪಕ್ಕಕ್ಕಿಟ್ವಿ. ನಿಜ ಹೇಳ್ಬೇಕು ಅಂದ್ರೆ, ಯಾವುದೋ ಪಬ್ಬಿನ ಹೆಸರು ಅಂದ್ಕೊಂಡಿದ್ವಿ."

ಎರಡೂ ಕಡೆಯವರು ನಕ್ಕರು. ಆ ಸಭೆಯಲ್ಲಿ ಎರಡೂ ಊರು ಒಟ್ಟಿಗೆ ಮಾಡಿದ ಮೊದಲ ಕೆಲಸ ಅದು.

"ನಿಮ್ಮ ಬಿ ನಲವತ್ತು ಎಪ್ಪತ್ತೊಂದೇ ಅದು ಮೇಡಂ. ದೊಡ್ಡ ಉಬ್ಬರ ಬಂದ್ರೆ ಮುಳುಗುತ್ತೆ."

ಫೆಲೋಸ್ ಮುಂದೆ ಬಾಗಿದರು. "ಕ್ಷಮಿಸಿ, ನಾವು ದಾಖಲೆ ತರಿಸಿ ನೋಡಿದೀವಿ. ಹತ್ತು ವರ್ಷದಲ್ಲಿ ಆ ರಸ್ತೆ ಒಂದು ದಿನಾನೂ ಮುಚ್ಚಿಲ್ಲ. ನಾನೇ ಕಾರಲ್ಲಿ ಹೋಗಿ ನೋಡಿದೆ, ಇಪ್ಪತ್ನಾಲ್ಕು ನಿಮಿಷ."

"ಎಷ್ಟೊತ್ತಿಗೆ ಹೋದ್ರಿ?"

"ಸುಮಾರು ಹನ್ನೊಂದು ಗಂಟೆ."

"ಹನ್ನೊಂದಕ್ಕೆ ನನ್ನ ಅಜ್ಜಿ ಬೇಕಾದ್ರೂ ಬರಿಗಾಲಲ್ಲಿ ದಾಟ್ತಾಳೆ. ಮುಚ್ಚೋದಕ್ಕೆ ಬೋರ್ಡ್ ಹಾಕೋರು ಯಾರು ಸಾರ್, ನದಿ ಬೋರ್ಡ್ ಹಾಕಲ್ಲ. ಬರೋ ಶುಕ್ರವಾರ ಬನ್ನಿ. ಆರರೊಳಗೆ ಊರು ಸೇರ್ಕೊಳ್ಳಿ. ಏಳು ನಲವತ್ತಕ್ಕೆ ಬಸ್ಸು ನಾನೇ ಬಿಡ್ತೀನಿ. ಇಪ್ಪತ್ತೈದು ನಿಮಿಷದಲ್ಲಿ ಸೇರಿದ್ರೆ ನಮ್ಮ ಶಾಲೆ ಬೀಗದ ಕೈ ನಾನೇ ತಂದ್ಕೊಡ್ತೀನಿ."

ಫೆಲೋಸ್ ಸ್ವಲ್ಪ ಯೋಚಿಸಿ, "ಬರ್ತೀನಿ" ಎಂದರು. ಓಕ್ಸ್ ಮಾತ್ರ ಪೆನ್ನು ಮುಚ್ಚುತ್ತಾ ಹೇಳಿದರು: "ನಾನೂ ಬರ್ತೀನಿ. ಆದ್ರೆ ಒಂದು ನಿಯಮ ಇದೆ. ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಶುಕ್ರವಾರ ಸಂಜೆ ಐದರೊಳಗೆ ನಿಮ್ಮ ಅಭಿಪ್ರಾಯ ಬರವಣಿಗೇಲಿ ಬರ್ಬೇಕು."

ಗ್ವೆಂಡಾ ಕೂತು, ಸ್ಟಿಯರಿಂಗ್ ಹಿಡಿದ ಹಾಗೆ ಎರಡೂ ಕೈಯಲ್ಲಿ ಮುಂದಿನ ಕುರ್ಚಿ ಹಿಡಿದುಕೊಂಡದ್ದನ್ನು ಪಕ್ಕದಲ್ಲಿದ್ದ ಟ್ಯಾಮ್ಸಿನ್ ಒಬ್ಬಳೇ ನೋಡಿದಳು.

ಬುಧವಾರ ಶಾಲೆ ಬಿಟ್ಟ ಮೇಲೆ ಅಡುಗೆಮನೆಯ ಮೇಜಿನ ಮೇಲೆ ಅಭಿಪ್ರಾಯದ ಹಾಳೆ ಹಾಗೇ ಖಾಲಿ ಬಿದ್ದಿತ್ತು. ಪಕ್ಕದಲ್ಲಿ ಟೀ ಆರುತ್ತಿತ್ತು.

"ಅಜ್ಜಿ, ನಿಂಗೆ ಬರೆಯೋಕ್ಕೆ ಬರಲ್ವಾ?" ಟ್ಯಾಮ್ಸಿನ್ ಬೆಣ್ಣೆ ಹಚ್ಚಿದ ಬ್ರೆಡ್ಡನ್ನು ನೋಡುತ್ತಲೇ ಕೇಳಿದಳು.

ಗ್ವೆಂಡಾ ಆರಿದ ಟೀಯನ್ನು ಸಿಂಕಿಗೆ ಸುರಿದು ಬಂದು ಕೂತಳು. ಆಮೇಲೆ ಹೇಳಿದಳು. ತಾನು ಹುಡುಗಿಯಾಗಿದ್ದಾಗ ಹೇಲ್‌ಪಿಲ್‌ನಲ್ಲಿ ಶಾಲೆಯೇ ಇರಲಿಲ್ಲ. ಅ ಆ ಕಲಿಯುವುದಕ್ಕೂ ಸ್ಟ್ಯಾಂಟ್ರಿಗೇ ಹೋಗಬೇಕಿತ್ತು. ನೀರು ಬಂದ ದಿನ ಶಾಲೆ ತಪ್ಪುತ್ತಿತ್ತು. ಮರುದಿನ ಹೋದರೆ ಪಾಠ ಮುಂದೆ ಹೋಗಿರುತ್ತಿತ್ತು. ಅದನ್ನು ಹಿಡಿಯುವಷ್ಟರಲ್ಲಿ ಮತ್ತೆ ನೀರು.

"ಒಂದು ವರ್ಷ ನಲವತ್ತೇಳು ದಿನ ತಪ್ತು. ವರ್ಷದ ಕೊನೆಗೆ ಟೀಚರು ಕಾರ್ಡಿನಲ್ಲಿ ಸೋಮಾರಿ ಅಂತ ಬರೆದ್ರು. ಮನೇಲಿ ಅದನ್ನ ಓದಿದ್ರು. ನಾನೂ ನಂಬಿದೆ. ಇಷ್ಟು ವರ್ಷ ನಂಬ್ಕೊಂಡೇ ಇದ್ದೆ ನೋಡು. ನಾನು ಶಾಲೆ ಬಿಟ್ಟ ಮುಂದಿನ ವರ್ಷ ಇಲ್ಲಿ ಹೈಸ್ಕೂಲು ಕಟ್ಟಿದ್ರು."

ಟ್ಯಾಮ್ಸಿನ್ ಪೆನ್ನು ತೆಗೆದುಕೊಂಡಳು. "ನೀನು ಹೇಳು, ನಾನು ಬರ್ಕೊಡ್ತೀನಿ. ಯಾರಿಗೂ ಗೊತ್ತಾಗಲ್ಲ."

ಗ್ವೆಂಡಾಳ ಕೈ ಆ ಪೆನ್ನಿನ ಕಡೆ ಹೋಯಿತು, ನಿಂತಿತು. ಮೊಮ್ಮಗಳ ಅಕ್ಷರ ಮುತ್ತಿನ ಹಾಗಿದೆ. ಆ ಹಾಳೆ ಓದಿದವರು ಎಲ್ಲ ಸರಿಯಾಗಿದೆ ಎಂದುಕೊಳ್ಳುತ್ತಾರೆ.

"ಬೇಡ ಕಣೇ. ನೀನು ಬರೆದ್ರೆ ಚೆನ್ನಾಗಿರುತ್ತೆ, ಅದೇ ತೊಂದ್ರೆ. ಇಲ್ಲಿ ಕೊಡು. ಮತ್ತೆ ತಿದ್ದಬೇಡ, ಒಂದಕ್ಷರಾನೂ ತಿದ್ದಬೇಡ."

ಅವಳು ಬುಧವಾರ ಬರೆದಳು, ಗುರುವಾರವೂ ಬರೆದಳು. ಆರು ಸಾಲಿಗೆ ಎರಡು ದಿನ ಹಿಡಿಯಿತು.

ಶುಕ್ರವಾರ ಏಳು ನಲವತ್ತಕ್ಕೆ ಬಸ್ಸು ಹೊರಟಿತು. ಒಳಗೆ ಎರಡೂ ಶಾಲೆಯ ಸಮವಸ್ತ್ರದ ಮೂವತ್ತು ಮಕ್ಕಳು, ಮುಂದಿನ ಸೀಟಿನಲ್ಲಿ ಫೆಲೋಸ್ ಮತ್ತು ಓಕ್ಸ್, ಹಿಂದೆ ಹೆಡ್ಲಿ ಮತ್ತು ಡೆಂಜಿಲ್. ಇಬ್ಬರೂ ಸಾಕ್ಷಿಗೆಂದು ಬಂದವರು. ಒಬ್ಬ ಬರುತ್ತಾನೆಂದು ಇನ್ನೊಬ್ಬ ಬಂದಿದ್ದ. ಆಕಾಶ ನಿರ್ಮಲವಾಗಿತ್ತು, ಎಲ್ಲೂ ಒಂದು ಹನಿ ಮಳೆ ಇಲ್ಲ.

"ಎಷ್ಟು ಒಳ್ಳೆ ಬೆಳಗು," ಎಂದರು ಫೆಲೋಸ್.

ತಿರುವು ದಾಟಿದಾಗ ರಸ್ತೆ ಇರಲಿಲ್ಲ.

ಸುಮ್ಮನೆ ಇರಲಿಲ್ಲ, ಅಷ್ಟೇ. ಕಂದು ನೀರು ಎಡಗಡೆಯ ಚೌಗಿನಿಂದ ಬಲಗಡೆಯ ಚೌಗಿನವರೆಗೆ ಸದ್ದಿಲ್ಲದೆ ಹರಡಿತ್ತು. ಒಂದು ಜೋಡಿ ಹಂಸ ಬಿಳಿ ಗೆರೆ ಇದ್ದ ಜಾಗದ ಮೇಲೆ ತೇಲುತ್ತಿತ್ತು. ಗ್ವೆಂಡಾ ಎಂಜಿನ್ ಆರಿಸಿ ಹ್ಯಾಂಡ್‌ಬ್ರೇಕ್ ಎಳೆದಳು.

"ನಿಧಾನಕ್ಕೆ ಹೋದ್ರೆ ಆಗಲ್ವಾ?" ಎಂದರು ಫೆಲೋಸ್.

"ಅಲ್ಲಿ ಕಂಬ ಕಾಣುತ್ತಾ ಸಾರ್, ಬಿಳಿ ತುದಿ? ಆ ಕಂಬ ನಿಮಗಿಂತ ಎತ್ತರ."

ನೀರಿನ ಮೇಲೆ ಕಂಬ ಒಂದು ಗೇಣು ಮಾತ್ರ ಕಾಣುತ್ತಿತ್ತು. ಎಂಟು ಗಂಟೆಯಾಯಿತು. ಎಂಟೂ ಕಾಲಾಯಿತು. ಮಕ್ಕಳು ಮೊದಲು ಊರಿಗೊಂದು ಗುಂಪಾಗಿ ಕೂತಿದ್ದರು, ಆಮೇಲೆ ಬೇಸರವಾಗಿ ಬೆರೆತುಹೋದರು. ವಿಕ್‌ಮೂರಿನ ಒಬ್ಬ ಹುಡುಗಿ ಟ್ಯಾಮ್ಸಿನ್‌ಗೆ ಇಸ್ಪೀಟಿನ ಎಲೆ ಹಾಕಿದಳು. ಡೆಂಜಿಲ್ ಕಾಗದದ ಪೊಟ್ಟಣ ಬಿಚ್ಚಿ ಸಾಸೇಜ್ ರೋಲು ಹಂಚಿದ. ಹೆಡ್ಲಿಗೂ ಒಂದು ಚಾಚಿದ.

"ಸಾಯಲ್ಲ, ತಿನ್ನು."

ಹೆಡ್ಲಿ ತಿಂದ. ಸ್ವಲ್ಪ ಹೊತ್ತು ಬಿಟ್ಟು, ಕಿಟಕಿಯ ಕಡೆ ಮುಖ ಮಾಡಿಕೊಂಡೇ, ಇನ್ನೊಂದು ಕೇಳಿದ.

ಒಂಬತ್ತಾದಾಗ ಓಕ್ಸ್ ಉಬ್ಬರದ ಪಟ್ಟಿ ಕೇಳಿ ತೆಗೆದುಕೊಂಡು, ಶಾಲೆಯ ದಿನಗಳ ಮೇಲೆ ಒಂದೊಂದೇ ಗುರುತು ಹಾಕುತ್ತಾ ಹೋದರು. ಕೊನೆಗೆ ಪೆನ್ನು ಕೆಳಗಿಟ್ಟರು. "ಮುಂದಿನ ವರ್ಷಕ್ಕೆ ನಲವತ್ನಾಲ್ಕು ದಿನ. ಇಷ್ಟು ದಿನ ನೀವು ಯಾರೂ ಫೋನ್ ಕೂಡ ಮಾಡ್ಲಿಲ್ವಾ?"

"ಮಾಡಿದೀವಿ ಮೇಡಂ," ಎಂದ ಡೆಂಜಿಲ್. "ಒದ್ದೆ ಮೈಲಿ ಮುಳುಗಿದೆ ಅಂತೀವಿ. ಅಂಥ ರಸ್ತೆ ನಮ್ಮಲ್ಲಿಲ್ಲ ಅಂತಾರೆ. ಆ ಮೇಲೆ ಹೋಗ್ಲಿ ಬಿಡು ಅಂತ ಸುಮ್ಮನಾದ್ವಿ."

ಫೆಲೋಸ್ ಚೀಲದಿಂದ ಪುಸ್ತಿಕೆ ತೆಗೆದು, ಹದಿನಾಲ್ಕನೇ ಪುಟದ ಮೇಲೆ ಉದ್ದಕ್ಕೂ ಒಂದು ಗೆರೆ ಎಳೆದರು. "ಆ ಬೀರೂನ ನಾನು ಐದು ವರ್ಷ ಹೊರಗಿಂದ ನೋಡಿದೆ ಅಂದೆನಲ್ಲ. ನಾನು ಕಟ್ಟೋಕ್ಕೆ ಹೊರಟಿದ್ದೂ ಅಂಥದೇ. ಮಕ್ಕಳು ಈ ದಡದಲ್ಲಿ, ಲ್ಯಾಬು ಆ ದಡದಲ್ಲಿ." ಅವರ ಧ್ವನಿಯಲ್ಲಿ ನಾಟಕ ಇರಲಿಲ್ಲ. "ನನ್ನದು ಇನ್ನೊಂದು ಪ್ರಶ್ನೆ. ಒಬ್ಬ ಫಿಸಿಕ್ಸ್ ಟೀಚರ್ ಹೇಲ್‌ಪಿಲ್‌ನಲ್ಲಿ ಮನೆ ಮಾಡ್ಕೊಂಡ್ರೆ ಎರಡೂ ಶಾಲೆಗೆ ಪಾಠ ಮಾಡ್ಬೋದಾ? ನಿಮ್ಮ ಬಸ್ಸಿದೆಯಲ್ಲ."

"ದಿನಕ್ಕೆ ಎಂಟು ಸಲ ಇದೆ ಸಾರ್. ನಮ್ಮೆರಡು ಊರಿನ ಮಧ್ಯೆ ನೀರು ಬರಲ್ಲ."

"ಜಗಳ ಬರುತ್ತೆ," ಎಂದ ಹೆಡ್ಲಿ.

ಒಂಬತ್ತೂ ನಲವತ್ತಕ್ಕೆ ರಸ್ತೆ ಕೆಸರು ಮೆತ್ತಿಕೊಂಡು ಮೇಲೆ ಬಂತು. ಹತ್ತಕ್ಕೆ ಸ್ವಲ್ಪ ಮುಂಚೆ ಸ್ಟ್ಯಾಂಟ್ರಿ ತಲುಪಿದರು. ಇಳಿಯುವಾಗ ಗ್ವೆಂಡಾ ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ಹಾಳೆ ತೆಗೆದು ಓಕ್ಸ್ ಕೈಗೆ ಕೊಟ್ಟಳು. ಅದು ಮುನ್ನೂರ ನಲವತ್ತೊಂದನೆಯದು.

ಫೆಬ್ರವರಿಯ ಒಂದು ಮಧ್ಯಾಹ್ನ ಕೌಂಟಿ ಕೌನ್ಸಿಲ್ ಸಭೆ ಸೇರಿತು. ಮೇಲಿನ ಗ್ಯಾಲರಿಯಲ್ಲಿ ಎರಡೂ ಊರಿನ ಎಪ್ಪತ್ತು ಜನ, ಈ ಸಲ ಯಾರ ಪಕ್ಕ ಯಾರು ಎಂದು ನೋಡದೆ, ಜಾಗ ಸಿಕ್ಕಲ್ಲಿ ಕೂತಿದ್ದರು. ಓಕ್ಸ್ ಎದ್ದು, ನೀರು ತುಂಬಿದ ರಸ್ತೆಯ ಚಿತ್ರ ತೋರಿಸಿದರು, ನಲವತ್ನಾಲ್ಕು ದಿನದ ಲೆಕ್ಕ ಹೇಳಿದರು. ಆಮೇಲೆ, "ಒಂದು ಅಭಿಪ್ರಾಯವನ್ನು ಬರೆದ ಹಾಗೇ ತೋರಿಸಬೇಕು, ಬರೆದವರ ಒಪ್ಪಿಗೆ ಇದೆ" ಎಂದರು. ಗೋಡೆಯ ಪರದೆಯ ಮೇಲೆ ಗ್ವೆಂಡಾಳ ಆರು ಸಾಲು ಬಂತು:

ನನ ಹೆಸರು ಗೆಂಡಾ. ಬಸು ಓಡಿಸತಿನಿ.
ಶಾಲೆಗೆ ಹೊಗೊಕೆ ಒದೆ ಮೈಲಿ ದಾಟಬೆಕಿತು.
ಒಂದು ವರಷ ನಲವತೇಳು ದಿನ ಹೊಗಲಿಲ.
ಸೊಮಾರಿ ಅಂತ ಬರದರು. ಸೊಮಾರಿ ಅಲ. ನೀರು ಇತು.
ಈ ಕಾಗದ ನೊಡಿ. ಇದು ಅದರ ಪಲ.
ನನ ಮೊಮಗಳು ಹಿಗೆ ಬರಿಬಾರದು.

ಅಧ್ಯಕ್ಷೆ ಅದನ್ನು ಗಟ್ಟಿಯಾಗಿ ಓದತೊಡಗಿ ಎರಡನೇ ಸಾಲಿನಲ್ಲಿ ತಡವರಿಸಿದರು. "ಒದೆ ಮೈಲಿ?"

ಗ್ಯಾಲರಿಯಿಂದ ಹೆಡ್ಲಿಯ ಧ್ವನಿ ಬಂತು. "ಅದೂ ಸರೀನೇ ಮೇಡಂ. ನಮ್ಮಜ್ಜನ ಕಾಲದಿಂದ ಒದೀತಾನೇ ಇದೆ."

ಇಡೀ ಸಭೆ ನಕ್ಕಿತು. ಗ್ವೆಂಡಾಳಿಗೂ ನಗು ಬಂತು. ಅಕ್ಷರದ ವಿಷಯಕ್ಕೆ ಜನ ನಕ್ಕಾಗ ತಾನೂ ನಕ್ಕದ್ದು ಇದೇ ಮೊದಲು ಎಂದು ಅವಳಿಗೆ ಹೊಳೆಯಿತು.

ಫೆಲೋಸ್ ತಾವೇ ಎದ್ದು ಪ್ರಸ್ತಾವ ಹಿಂದಕ್ಕೆ ತೆಗೆದುಕೊಂಡರು. ಎರಡೂ ಶಾಲೆ ಇರಲಿ, ಅವುಗಳಿಗೆ ಒಬ್ಬರೇ ಮುಖ್ಯಶಿಕ್ಷಕರು, ಇಬ್ಬರು ವಿಜ್ಞಾನ ಶಿಕ್ಷಕರು ಊರಲ್ಲೇ ವಾಸ, ಅಕಾಡೆಮಿಗೆಂದು ಇಟ್ಟದ್ದರಲ್ಲಿ ಮೊದಲು ಮಾಳಿಗೆ, ಆಮೇಲೆ ವಿಕ್‌ಮೂರಿನಲ್ಲಿ ಒಂದು ಲ್ಯಾಬು. ಈ ಹೊಸ ಪ್ರಸ್ತಾವಕ್ಕೆ ಅಧ್ಯಕ್ಷೆ ಕೈ ಎತ್ತಿಸಿದರು. ನಲವತ್ತೊಂದು ಕೈ ಮೇಲೆದ್ದವು, ಬೇಡ ಎಂದವರು ಆರು ಜನ. ಗ್ಯಾಲರಿ ಕುಣಿಯಿತು. ಡೆಂಜಿಲ್ ಹೆಡ್ಲಿಯನ್ನು ತಬ್ಬಿಕೊಂಡು, ತಬ್ಬಿಕೊಂಡದ್ದು ಯಾರನ್ನೆಂದು ಆಮೇಲೆ ನೋಡಿದ. ಟ್ಯಾಮ್ಸಿನ್ ಬೆಂಚಿನ ಮೇಲೆ ಹತ್ತಿ ನಿಂತಿದ್ದಳು.

ಗದ್ದಲ ತಗ್ಗಿದಾಗ ನಡಾವಳಿ ಬರೆಯುವ ಗುಮಾಸ್ತರು ಪೆನ್ನೆತ್ತಿದರು. "ಅಧ್ಯಕ್ಷರೇ, ರಸ್ತೆಯ ಹೆಸರು ದಾಖಲೆಗೆ ಸೇರಿಸಬೇಕು. ಪತ್ರದಲ್ಲಿರೋ ಹಾಗೆ ಬರ್ಕೊಳ್ಳಲಾ?"

ಅಧ್ಯಕ್ಷೆ ಗ್ಯಾಲರಿಯ ಕಡೆ ನೋಡಿದರು. "ಬರೆದೋರೇ ಇದಾರಲ್ಲ, ಅವರನ್ನೇ ಕೇಳಿ."

ಗ್ವೆಂಡಾ ಎದ್ದು ನಿಂತಳು. ಕ್ರಿಸ್‌ಮಸ್ ಆದಾಗಿನಿಂದ ಪ್ರತಿ ಮಂಗಳವಾರ ಬಸ್ಸು ಶೆಡ್ಡಿಗೆ ಬಿಟ್ಟು, ಹೇಲ್‌ಪಿಲ್ ಶಾಲೆಯ ಲೈಬ್ರರಿಯ ಸಣ್ಣ ಕುರ್ಚಿಯಲ್ಲಿ ಮೊಣಕಾಲು ಮಡಿಸಿಕೊಂಡು ಕೂತು ಅಕ್ಷರ ತಿದ್ದಿದವಳು ಅವಳು.

"ಪತ್ರದಲ್ಲಿರೋ ಹಾಗೆ ಬೇಡ ಸಾರ್," ಎಂದಳು, ಕೊನೆಯ ಸಾಲಿಗೂ ಕೇಳಿಸುವಷ್ಟು ಗಟ್ಟಿಯಾಗಿ. "ಮೊದಲು ಒ. ಆಮೇಲೆ ದೆ, ಅದರ ಕೆಳಗೆ ದ ಒತ್ತು. ಒತ್ತು ಮರೀಬೇಡಿ."

ಗುಮಾಸ್ತರು ಬರೆದರು. ಬರೆದದ್ದನ್ನು ಎತ್ತಿ ಹಿಡಿದು ಅವಳಿಗೆ ತೋರಿಸಿದರು.

ಗ್ವೆಂಡಾ ಕಟಕಟೆಯ ಮೇಲೆ ಬಾಗಿ, ನಿಧಾನವಾಗಿ, ಒಂದೊಂದೇ ಅಕ್ಷರ ಓದಿದಳು.

"ಸರಿಯಾಗಿದೆ," ಎಂದಳು.